ಬಿಸಿಲ ಸೀಮೆಯ ಕಾರಿಗೆ ಎಂಥ ಎಣ್ಣೆ?

ಚಿತ್ತಾಪುರದ ವಾಚಕರೊಬ್ಬರು ಪತ್ರ ಬರೆದು ಒಂದು ಪ್ರಶ್ನೆಯನ್ನು ಕೇಳಿರುವರು. ಅವರ ಮಗನು ಟರ್ಬೊ ಇರುವ ಪೆಟ್ರೋಲಿನ ಚುರುಕು ಕಾರೊಂದನ್ನು ಕೊಂಡಿರುವನಂತೆ. ಅದರ ಕೈಪಿಡಿಯಲ್ಲಿ ಬಹಳ ತೆಳ್ಳಗಿನ ಎಣ್ಣೆಯನ್ನು ಹಾಕತಕ್ಕದ್ದೆಂದು ವಿಧಿಸಿದೆಯಂತೆ. “ಸೇಡಮ್, ವಾಡಿ, ಶಹಾಬಾದಗಳ ಈ ಬೆಂಕಿಯಂಥ ಬಿಸಿಲಿಗೆ ಅಷ್ಟು ತೆಳುವಾದ ಎಣ್ಣೆಯು ತಡೆದೀತೆ? ದಪ್ಪ ಎಣ್ಣೆಯನ್ನು ಹಾಕಿಸಿದರೆ ಇಂಜಿನಿಗೆ ಹೆಚ್ಚಿನ ರಕ್ಷಣೆಯಾಗುವುದಿಲ್ಲವೆ?” ಎಂಬುದೇ ಅವರ ಶಂಕೆ. ಇದು ಅವರೊಬ್ಬರ ಶಂಕೆಯಲ್ಲ. ನಮ್ಮ ಸೀಮೆಯಲ್ಲಿ ಕಾರು ಇಟ್ಟಿರುವ ಹತ್ತು ಮನೆಗಳಲ್ಲಿ ಎಂಟು ಮನೆಗಳ ಯಜಮಾನರು ಹೀಗೆಯೇ ಎಣಿಸುವರು. ನಾನೂ ಹೀಗೆಯೇ ಎಣಿಸಿ ನಷ್ಟಪಟ್ಟವನಾದುದರಿಂದ, ಶಾಸ್ತ್ರವನ್ನು ಹೇಳುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯವಾಗಿದೆ.

ನನ್ನ ಮಗನು 2021ರಲ್ಲಿ ಅಂಥದೇ ಒಂದು ಕಾರನ್ನು ಕೊಂಡನು. ಮರುವರ್ಷ ಉದ್ಯೋಗನಿಮಿತ್ತ ಪರಸ್ಥಳಕ್ಕೆ ಹೋಗಬೇಕಾದಾಗ ಅದನ್ನು ನಮ್ಮ ಮನೆಯಲ್ಲಿಯೇ ಬಿಟ್ಟನು. ಎಣ್ಣೆ ಬದಲಿಸುವ ಕಾಲ ಬಂದಿತು. ದುರಸ್ತಿಯ ಅಂಗಡಿಯ ಹುಡುಗನು, “ಸರ, ಪುಸ್ತಕದಾಗ ತೆಳ್ಳನ್ನ ಎಣ್ಣಿನೇ ಬರದಾರ್ರಿ” ಎಂದನು. ನಾನು ಇಪ್ಪತ್ತು ವರುಷ ಹಳೆಯ ಅಂಬಾಸಡರ್ ಕಾರನ್ನು ನಡೆಸಿ, ಅದಕ್ಕೆ ದಪ್ಪ ಎಣ್ಣೆಯನ್ನೇ ಉಣಿಸಿದವನು. “ಪುಸ್ತಕ ಬರೆದವರಿಗೆ ನಮ್ಮ ಬಿಸಿಲೇನು ಗೊತ್ತು? 20ಡಬ್ಲ್ಯೂ-50 ಹಾಕು” ಎಂದು ಹಟಹಿಡಿದೆನು. ಪುಸ್ತಕವನ್ನು ಓದಿರಿ, ಓದಿರಿ ಎಂದು ಮೂರು ದಶಕಗಳ ಕಾಲ ಮಕ್ಕಳಿಗೆ ಉಪದೇಶಿಸಿದ ಮಾಸ್ತರನು ಆಡಿದ ಮಾತಿದು! ವರುಷ ತುಂಬುವಷ್ಟರಲ್ಲಿ ಕಾರು ಸೀಟಿ ಹೊಡೆದಂತೆ ಸದ್ದುಮಾಡತೊಡಗಿತು. ಹಿಂದಿನ ಕೊಳವೆಯಿಂದ ನೀಲಿ ಹೊಗೆ ಬಂದಿತು. ಬಿಚ್ಚಿ ನೋಡಿದಾಗ ಟರ್ಬೊದ ಅಚ್ಚಿನ ಬೇರಿಂಗು ಸವೆದಿತ್ತು. ಅದಕ್ಕೆ ಎಣ್ಣೆಯೊಯ್ಯುವ ಸಣ್ಣ ನಾಳದಲ್ಲಿ ಎಣ್ಣೆ ಸುಟ್ಟು ಕರಿಯ ಹೊಪ್ಪಳಿಕೆ ಕಟ್ಟಿದ್ದಿತು. ದಪ್ಪ ಎಣ್ಣೆಯೊಂದೇ ಕಾರಣವೆಂದು ನಾನು ಹೇಳಲಾರೆನು. ಓಡಿ ಬಂದ ಕಾರನ್ನು ನಿಲ್ಲಿಸಿದ ಕ್ಷಣದಲ್ಲಿಯೇ ಇಂಜಿನನ್ನು ಆರಿಸುವ ಚಾಳಿಯೂ ಸೇರಿದ್ದಿತು. ಆದರೆ ಎರಡೂ ನನ್ನವೇ. ಎರಡು ತಿಂಗಳ ನಿವೃತ್ತಿವೇತನವು ಹೋಯಿತು. ಮಗನು ಫೋನಿನಲ್ಲಿ ಕೇಳಿ, “ಇರಲಿ ಬಿಡ್ರಿ ಅಪ್ಪಾ, ಇನ್ನ ಮುಂದ ಪುಸ್ತಕ ನೋಡಿ ಹಾಕ್ಸೂಣು” ಎಂದಷ್ಟೇ ಅಂದನು. ಹಣ ಹೋದುದಕ್ಕಿಂತ ಆ ಮಾತೇ ಹೆಚ್ಚು ನಾಟಿತು.

ಇನ್ನು ವಿಷಯಕ್ಕೆ ಬರೋಣ. ಸಂಸ್ಕೃತದಲ್ಲಿ ‘ಸ್ನೇಹ’ವೆಂದರೆ ಪ್ರೀತಿಯೂ ಹೌದು, ಎಣ್ಣೆಯೂ ಹೌದು. ಅದೇ ಧಾತುವಿನಿಂದ ಹುಟ್ಟಿದ ‘ಸ್ನಿಗ್ಧತೆ’ ಎಂಬ ಮಾತನ್ನು ದ್ರವವು ಹರಿಯುವಾಗ ತೋರುವ ಪ್ರತಿರೋಧಕ್ಕೆ ಇಂದಿನ ವಿಜ್ಞಾನದಲ್ಲಿ ಬಳಸುವರು. ನೀರಿಗೆ ಸ್ನಿಗ್ಧತೆ ಕಡಮೆ. ಜೇನಿಗೆ ಬಹಳ ಹೆಚ್ಚು. ಕಾಯಿಸಿದರೆ ಎಣ್ಣೆಯ ಸ್ನಿಗ್ಧತೆ ಇಳಿಯುವುದೆಂಬುದನ್ನು ಒಗ್ಗರಣೆಯ ಸೌಟನ್ನು ಹಿಡಿದ ಗೃಹಿಣಿಗೆ ಯಾರೂ ಕಲಿಸಬೇಕಾಗಿಲ್ಲ.

ಎಣ್ಣೆಯ ಡಬ್ಬಿಯ ಮೇಲೆ 5ಡಬ್ಲ್ಯೂ-30, 5ಡಬ್ಲ್ಯೂ-40, 20ಡಬ್ಲ್ಯೂ-50 ಎಂದು ಮುದ್ರಿಸಿರುವುದು. ಇದು ಎಸ್.ಎ.ಇ. ಎಂಬ ಅಮೆರಿಕದ ಇಂಜಿನಿಯರರ ಸಂಘವು ಗೊತ್ತುಪಡಿಸಿದ ಕ್ರಮ. ಡಬ್ಲ್ಯೂ ಎಂಬುದು ಚಳಿಗಾಲವನ್ನು ಸೂಚಿಸುವ ಅಕ್ಷರ. ಅದರ ಹಿಂದಿನ ಅಂಕಿಯು ಚಿಕ್ಕದಾದಷ್ಟೂ ಎಣ್ಣೆಯು ತಣ್ಣಗಿರುವಾಗ ಸುಲಭವಾಗಿ ಹರಿಯುವುದು. ಕಡೆಯ ಅಂಕಿಯಾದರೋ ಎಣ್ಣೆಯು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿರುವಾಗ ಎಷ್ಟು ಮಂದವಾಗಿರುವುದೆಂಬುದನ್ನು ತಿಳಿಸುವುದು. ಆ ಶಾಖದಲ್ಲಿ 30ರ ಎಣ್ಣೆಯ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸಿನೊಳಗೆ, 40ರದು 12.5ರಿಂದ 16.3ರೊಳಗೆ, 50ರದು 16.3ರಿಂದ 21.9ರೊಳಗೆ ಇರತಕ್ಕದ್ದು. ನಮ್ಮ ಕುಡಿಯುವ ನೀರಿನದು ಸುಮಾರು 1 ಎಂದು ತಿಳಿದುಕೊಂಡರೆ ಈ ಅಂಕಿಗಳ ಅರ್ಥವು ಮನಸ್ಸಿಗೆ ಹತ್ತುವುದು.

ಹಾಗಾದರೆ ಹೆಚ್ಚು ಮಂದವಾದುದೇ ಹೆಚ್ಚು ಕ್ಷೇಮಕರವೆ? ಇಲ್ಲಿಯೇ ನಾವು ಮೋಸಹೋಗುವೆವು. ನಮ್ಮ ಹಿರಿಯರು ಎತ್ತಿನ ಬಂಡಿಯ ಅಚ್ಚಿಗೆ ದಪ್ಪನಾದ ಕೀಲೆಣ್ಣೆಯನ್ನು ಬಳಿಯುತ್ತಿದ್ದರು. ಅದು ಸರಿಯಾಗಿಯೇ ಇದ್ದಿತು. ಏಕೆಂದರೆ ಬಂಡಿಯ ಗಾಲಿಯು ಮೆಲ್ಲಗೆ ಉರುಳುವುದು, ಹೊರೆ ಬಹಳ. ವಾಡಿಯು ರೈಲಿನ ಊರು. ಅಲ್ಲಿಂದ ಸಿಕಂದರಾಬಾದಿಗೆ ನಿಜಾಮರ ರೈಲುದಾರಿಯು 1874ರಲ್ಲಿಯೇ ತೆರೆಯಿತು. ಬಂಡಿಗಿಂತ ಬಹು ವೇಗವಾಗಿ ತಿರುಗುವ ಇಂಥ ರೈಲುಗಾಲಿಗಳ ಅಚ್ಚಿಗೆ ಎಣ್ಣೆಯು ಹೇಗೆ ಕೆಲಸಮಾಡುವುದೆಂಬುದನ್ನು ಇಂಗ್ಲೆಂಡಿನ ಬೋಷಾಂಪ್ ಟವರ್ ಎಂಬವನು 1883ರಲ್ಲಿ ಪರೀಕ್ಷಿಸಿದನು. ಅಚ್ಚಿನ ಮೇಲಣ ಬೇರಿಂಗಿಗೆ ಎಣ್ಣೆ ಹನಿಸಲೆಂದು ಅವನು ಒಂದು ತೂತನ್ನು ಕೊರೆದನು. ಅಚ್ಚು ತಿರುಗತೊಡಗಿದೊಡನೆ ಎಣ್ಣೆಯು ಒಳಗಿಳಿಯುವುದಕ್ಕೆ ಬದಲಾಗಿ ಮೇಲಕ್ಕುಕ್ಕಿತು. ತೂತಿಗೆ ಬಿರಟೆ ಜಡಿದರೆ ಬಿರಟೆಯನ್ನೂ ಹೊರದೂಡಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ತನ್ನಡಿಗೆ ಎಳೆದುಕೊಂಡು ಅದರ ಒತ್ತಡದ ಮೇಲೆ ತೇಲುವುದೆಂಬುದು ಹೀಗೆ ಪ್ರಕಟವಾಯಿತು. ಇದರ ಗಣಿತವನ್ನು 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಎಂಬ ಪಂಡಿತನು ಬಿಡಿಸಿ ತೋರಿಸಿದನು. ಅದರ ಸಾರವಿಷ್ಟೇ: ಹೊರೆಯನ್ನು ಹೊರುವುದು ಎಣ್ಣೆಯ ಮಂದತೆಯೂ ಅಚ್ಚಿನ ವೇಗವೂ ಕೂಡಿ. ವೇಗವು ಹೆಚ್ಚಿದಂತೆ ತೆಳುವಾದ ಎಣ್ಣೆಯೇ ಸಾಕಾಗುವುದು. ಅತಿ ವೇಗದ ಅಚ್ಚಿಗೆ ದಪ್ಪ ಎಣ್ಣೆಯನ್ನು ಹಾಕಿದರೆ ಅದು ತನ್ನೊಳಗಿನ ತಿಕ್ಕಾಟದಿಂದಲೇ ಕಾಯುವುದು.

ಟರ್ಬೊ ಎಂಬುದು ಇಂಥ ಅತಿ ವೇಗದ ಯಂತ್ರ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರನು 1905ರಲ್ಲಿ ಇದಕ್ಕೆ ಪೇಟೆಂಟು ಪಡೆದನು. ಇಂಜಿನಿನಿಂದ ಹೊರಬೀಳುವ ಬಿಸಿ ಹೊಗೆಯು ಒಂದು ಸಣ್ಣ ಚಕ್ರವನ್ನು ತಿರುಗಿಸುವುದು. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರವು ಇಂಜಿನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವುದು. ಇದರಿಂದಲೇ 998 ಘನ ಸೆಂಟಿಮೀಟರಿನ ಪುಟ್ಟ ಇಂಜಿನು, ಹ್ಯುಂಡೈ ಐ20 ಎನ್ ಲೈನ್ ಎಂಬ ಕಾರಿನಲ್ಲಿರುವಂತೆ, ಸುಮಾರು 120 ಕುದುರೆಗಳ ಶಕ್ತಿಯನ್ನು ಕೊಡಬಲ್ಲುದು. ಆದರೆ ಆ ಸಣ್ಣ ಅಚ್ಚು ನಿಮಿಷಕ್ಕೆ ಎರಡು ಲಕ್ಷ ಸುತ್ತುಗಳವರೆಗೂ ಸುತ್ತುವುದು. ಪೆಟ್ರೋಲು ಇಂಜಿನುಗಳಲ್ಲಿ ಅದರ ಒಂದು ಪಾರ್ಶ್ವಕ್ಕೆ ತಗಲುವ ಹೊಗೆಯ ಶಾಖವು 900 ಡಿಗ್ರಿಯನ್ನು ಮೀರುವುದುಂಟು. ಅಚ್ಚಿಗೂ ಬೇರಿಂಗಿಗೂ ನಡುವೆ ಇರುವುದು ತಲೆಗೂದಲಿಗಿಂತ ತೆಳುವಾದ ಎಣ್ಣೆಯ ಪೊರೆ ಮಾತ್ರ. ಅಲ್ಲಿಗೆ ಎಣ್ಣೆಯು ಕೂಡಲೆ ತಲುಪಬೇಕು, ಎಡೆಬಿಡದೆ ಹರಿಯಬೇಕು, ಶಾಖವನ್ನು ಹೊತ್ತುಕೊಂಡು ಹಿಂದಿರುಗಬೇಕು. ಬೆಳಗ್ಗೆ ಇಂಜಿನನ್ನು ಹೊತ್ತಿಸಿದಾಗ ಕಡೆಯದಾಗಿ ಎಣ್ಣೆ ಸಿಗುವ ಸ್ಥಳಗಳಲ್ಲಿ ಇದೂ ಒಂದು. ಮಂದವಾದ ಎಣ್ಣೆಯು ಅಲ್ಲಿಗೆ ತಡವಾಗಿ ಹೋಗುವುದು. ಆ ಕೆಲವು ಗಳಿಗೆಗಳಲ್ಲಿಯೇ ಸವೆತವು ಆಗಿಹೋಗುವುದು.

“ಆದರೆ ನಮ್ಮ ಬಿಸಿಲು?” ಎಂದು ಕೇಳುವಿರಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ಜಿಲ್ಲೆಯ ಮಧ್ಯಾಹ್ನವು 40 ಡಿಗ್ರಿಯನ್ನು ದಾಟುವುದು ನಿಜ. ಆದರೆ ಇಂಜಿನಿನ ಶಾಖವನ್ನು ಗೊತ್ತುಮಾಡುವವನು ಸೂರ್ಯನಲ್ಲ. ಅದರೊಳಗೆ ಹರಿಯುವ ನೀರನ್ನು ಸುಮಾರು 90 ಡಿಗ್ರಿಯಲ್ಲಿ ನಿಲ್ಲಿಸುವುದಕ್ಕೆ ಥರ್ಮೋಸ್ಟಾಟ್ ಎಂಬ ಕಾವಲುಗಾರನಿರುವನು. ಎಣ್ಣೆಯು ಸಾಮಾನ್ಯವಾಗಿ 90ರಿಂದ 110 ಡಿಗ್ರಿಗಳೊಳಗೆ ಇರುವುದು. ಹೊರಗೆ 25 ಇರಲಿ, 42 ಇರಲಿ, ಒಳಗಿನ ಎಣ್ಣೆಗೆ ಆಗುವ ವ್ಯತ್ಯಾಸವು ಅಲ್ಪ. ನಮ್ಮ ಬಿಸಿಲಿನ 40 ಡಿಗ್ರಿಯಲ್ಲಿಯೇ ನೋಡಿರಿ: 5ಡಬ್ಲ್ಯೂ-30 ಎಣ್ಣೆಯ ಸ್ನಿಗ್ಧತೆ ಸುಮಾರು 60, 65, 20ಡಬ್ಲ್ಯೂ-50ರದು 150ನ್ನು ಮೀರುವುದು. ಅಂದರೆ ಬೇಸಗೆಯಲ್ಲಿ ಇಂಜಿನು ಹೊತ್ತಿಸುವಾಗಲೂ ತೆಳುವಾದುದು ನೀರಿನ ಅರವತ್ತು ಪಟ್ಟು ಮಂದವಾಗಿಯೇ ಇರುವುದು. ಅದು ಎಲ್ಲಿಯೂ ಸೋರಿಹೋಗುವಷ್ಟು ತೆಳುವಲ್ಲ. ದಪ್ಪನಾದುದಾದರೋ ಅದರ ಎರಡೂವರೆ ಪಟ್ಟು ಸೋಮಾರಿ.

ಹಾಗೆಂದು ಬಿಸಿಲನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದೆಂದಲ್ಲ. ಕೆಲವು ಕೈಪಿಡಿಗಳಲ್ಲಿ ಒಂದೇ ಇಂಜಿನಿಗೆ 5ಡಬ್ಲ್ಯೂ-30, 5ಡಬ್ಲ್ಯೂ-40 ಎರಡನ್ನೂ ಒಪ್ಪಿರುವುದುಂಟು. ಅಂಥಲ್ಲಿ ಬೇಸಗೆಯಲ್ಲಿ ಐದಾರು ಜನರನ್ನು ಕೂರಿಸಿಕೊಂಡು ಚಿಂಚೋಳಿಯ ಕಾಡಿನ ಏರುದಾರಿಗೋ ಹೆದ್ದಾರಿಯ ದೂರ ಪ್ರಯಾಣಕ್ಕೋ ಪದೇಪದೇ ಹೋಗುವವರು 40ನ್ನು ಆರಿಸಿಕೊಳ್ಳಬಹುದು. ಇಂಜಿನಿನ ಒಳಸಂದುಗಳ 150 ಡಿಗ್ರಿಯ ಶಾಖದಲ್ಲಿ ಅದರ ಪೊರೆಯು 30ಕ್ಕಿಂತ ಗಟ್ಟಿ. ಕೈಪಿಡಿಯು ಒಪ್ಪದ ಅಂಕಿಗೆ ಮಾತ್ರ ಕೈಚಾಚಬಾರದು. 30ನ್ನು ಮಾತ್ರ ಹೇಳಿದ್ದರೆ 30, 20 ಎಂದಿದ್ದರೆ 20.

ಅಂಕಿಯಷ್ಟೇ ಮುಖ್ಯವಾದುದು ಗುಣದ ಗುರುತು. ಪೆಟ್ರೋಲಿನ ಟರ್ಬೊ ಇಂಜಿನುಗಳಲ್ಲಿ ಕಡಮೆ ವೇಗದಲ್ಲಿ ಭಾರ ಬಿದ್ದಾಗ ಇಂಧನವು ಅಕಾಲದಲ್ಲಿ ಹೊತ್ತಿಕೊಂಡು ಪಿಸ್ಟನ್ನನ್ನೇ ಒಡೆಯುವ ಒಂದು ರೋಗವುಂಟು. ಅದನ್ನು ತಡೆಯುವ ಪರೀಕ್ಷೆಯನ್ನು ಒಳಗೊಂಡ ಎ.ಪಿ.ಐ. ಎಸ್.ಪಿ. ಎಂಬ ದರ್ಜೆಯು 2020ರಲ್ಲಿ ಬಂದಿತು. ಡಬ್ಬಿಯ ಮೇಲೆ ಅದು, ಅಥವಾ ಕೈಪಿಡಿಯು ಕೇಳುವ ಅದಕ್ಕೂ ಹೊಸದಾದ ದರ್ಜೆಯು, ಇರಬೇಕು. ಡೀಸೆಲ್ ಕಾರುಗಳ ಮಾತು ಬೇರೆ. ಭಾರತ್ ಸ್ಟೇಜ್ 6 ನಿಯಮವು 2020ರ ಏಪ್ರಿಲ್ 1ರಂದು ಜಾರಿಗೆ ಬಂದಮೇಲೆ ಬಹುತೇಕ ಡೀಸೆಲ್ ಕಾರುಗಳಿಗೆ ಮಸಿಯನ್ನು ಹಿಡಿಯುವ ಶೋಧಕವನ್ನು ಕೂಡಿಸಿರುವರು. ಅವಕ್ಕೆ ಬೂದಿ ಕಡಮೆ ಬಿಡುವ ಎಣ್ಣೆಯೇ ಬೇಕು. ಸಿಮೆಂಟಿನ ಲಾರಿಗೆ ತಂದ ಎಣ್ಣೆಯಲ್ಲಿ ಮಿಕ್ಕುದನ್ನು ಕಾರಿಗೆ ಸುರಿದರೆ ಆ ಶೋಧಕವು ಕಟ್ಟಿಹೋಗುವುದು.

ನಮ್ಮ ಸೀಮೆಯಲ್ಲಿ ನಿಜವಾಗಿ ಭಯಪಡಬೇಕಾದುದು ಬಿಸಿಲಿಗಿಂತ ಧೂಳಿಗೆ. ವಾಡಿ, ಸೇಡಮ್, ಮಳಖೇಡಗಳ ಸಿಮೆಂಟಿನ ಕಾರ್ಖಾನೆಗಳು, ಶಹಾಬಾದಿನ ಕಲ್ಲುಗಣಿಗಳು, ಇವುಗಳ ನಡುವೆ ಓಡುವ ಲಾರಿಗಳ ಹಿಂದೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಳಿಯ ಶೋಧಕವು ಕಟ್ಟಿದರೆ ಟರ್ಬೊ ಉಸಿರುಗಟ್ಟುವುದು. ಹರಿದರೆ ಮರಳಿನ ಕಣಗಳು ಒಳಹೊಕ್ಕು ಲೋಹವನ್ನು ಅರೆಯುವುವು. ಧೂಳು, ಕಡುಬಿಸಿಲು, ಮನೆಯಿಂದ ಸಂತೆಯವರೆಗಿನ ಕಿರುಪ್ರಯಾಣ, ಇವುಗಳನ್ನು ಕೈಪಿಡಿಗಳು ‘ಕಠಿನ ಬಳಕೆ’ ಎಂದು ಎಣಿಸಿ, ಎಣ್ಣೆಯನ್ನೂ ಶೋಧಕವನ್ನೂ ಬೇಗನೆ ಬದಲಿಸಲು ಹೇಳುವುವು. ಅನೇಕ ಕಾರುಗಳಲ್ಲಿ 10,000 ಕಿಲೋಮೀಟರಿನ ವಾಯಿದೆಯು ಇದರಿಂದ 5,000ಕ್ಕೆ ಇಳಿಯುವುದು. ದಪ್ಪ ಎಣ್ಣೆಗೆ ಖರ್ಚುಮಾಡುವ ಉತ್ಸಾಹವನ್ನು ಈ ಬದಲಾವಣೆಗೆ ತೋರಿಸಿದರೆ ಇಂಜಿನು ಹರಸುವುದು.

ಕೊನೆಯದಾಗಿ ದುಡ್ಡಿಲ್ಲದೆ ಮಾಡಬಹುದಾದ ಮೂರು ನಿಯಮಗಳು. ಮೊದಲನೆಯದು, ವೇಗವಾಗಿ ಓಡಿಬಂದ ಕಾರನ್ನು ನಿಲ್ಲಿಸಿ ಒಂದು ನಿಮಿಷ ಇಂಜಿನನ್ನು ಸುಮ್ಮನೆ ನಡೆಯಗೊಡಿಸಿ, ಆಮೇಲೆ ಆರಿಸಬೇಕು. ಒಮ್ಮೆಗೇ ಆರಿಸಿದರೆ ಎಣ್ಣೆಯ ಹರಿವು ನಿಂತು, ಕಾದ ಟರ್ಬೊದಲ್ಲಿ ಉಳಿದುದು ಸುಟ್ಟು ಕರಿಕಾಗುವುದು. ಎರಡನೆಯದು, ಹೊತ್ತಿಸಿದೊಡನೆ ಕಾರನ್ನು ಕೆರಳಿಸಬಾರದು. ಮೂರನೆಯದು, ಹದಿನೈದು ದಿನಕ್ಕೊಮ್ಮೆ ಸಮನೆಲದಲ್ಲಿ ಕಾರು ನಿಲ್ಲಿಸಿ, ಇಂಜಿನು ಆರಿಸಿ ಕೆಲವು ನಿಮಿಷಗಳಾದ ಮೇಲೆ, ಕೈಪಿಡಿಯು ಹೇಳಿದ ಕ್ರಮದಲ್ಲಿ ಅಳತೆಯ ಕಡ್ಡಿಯನ್ನು ಒರಸಿ ನೋಡಬೇಕು. ಎಣ್ಣೆಯು ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತನ್ನು ಮೀರಿದರೂ ಕೇಡೇ. ಅಂಗಳದ ಶಹಾಬಾದಿ ಫರಸಿಯ ಮೇಲೆ ಕರಿಯ ಹನಿ ಕಂಡರೆ ಅಲಕ್ಷ್ಯ ಮಾಡಬಾರದು.

ಚಿತ್ತಾಪುರದ ಮಹನೀಯರು ತಮ್ಮ ಮಗನ ಕಾರಿನ ಕೈಪಿಡಿಯನ್ನು ಮಗನೊಡನೆ ಕುಳಿತು ಓದಲಿ. ಅದರಲ್ಲಿ ಬರೆದ ಅಂಕಿಯ ಎಣ್ಣೆಯನ್ನೇ, ನಂಬಿಕೆಯ ಅಂಗಡಿಯಿಂದ, ಮುದ್ರೆ ಒಡೆಯದ ಡಬ್ಬಿಯಲ್ಲಿ ತರಲಿ. ಅತಿಯಾದರೆ ಅಮೃತವೂ ವಿಷವೆಂಬ ಗಾದೆಯು ಈ ಸ್ನೇಹಕ್ಕೂ ಸಲ್ಲುವುದು. ನಮ್ಮ ಮನೆಯ ಕಾರು ಈಗ ಸರಿಯಾಗಿ ಓಡುತ್ತಿದೆ. ಕಳೆದ ಸಲ ಎಣ್ಣೆ ಬದಲಿಸುವಾಗ ಅಂಗಡಿಯ ಹುಡುಗನು ನನ್ನ ಮುಖ ನೋಡಿದನು. ನಾನು ಏನನ್ನೂ ಹೇಳದೆ ಪುಸ್ತಕವನ್ನು ತೆರೆದು ಅವನ ಕೈಗೆ ಕೊಟ್ಟೆನು.