ಸುಮ್ಮನಿರೋದಕ್ಕೆ ಅಹಿಂಸೆ ಅಂತ ಹೆಸರಿಡಬೇಡಿ



ಇವತ್ತು ಜೂನ್ 9. ಪ್ರೊ. ಬಿ. ಕೃಷ್ಣಪ್ಪನವರು ಹುಟ್ಟಿದ ದಿನ. ಬೆಳಗ್ಗೆಯಿಂದ ಎಲ್ಲರ ಸ್ಟೇಟಸ್‌ನಲ್ಲೂ ಅವರ ಫೋಟೊ ಓಡಾಡ್ತಿದೆ. ಸಂಜೆ ಹೊತ್ತಿಗೆ ಹಾರ, ಭಾಷಣ, ಗ್ರೂಪ್ ಫೋಟೊ ಎಲ್ಲ ಮುಗಿದಿರುತ್ತೆ. ಫೋಟೊ ಹಾಕೋದು ತಪ್ಪಲ್ಲ, ನಾನೂ ಹಾಕಿದ್ದೀನಿ. ಆದರೆ ಕೃಷ್ಣಪ್ಪ ನಮಗೆ ಬಿಟ್ಟುಹೋದದ್ದು ಫೋಟೊ ಅಲ್ಲ, ಹೋರಾಡುವ ಒಂದು ವಿಧಾನ. ಅದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೀತಾ ಇದ್ದೀನಿ. ಬಿಡುವು ಮಾಡ್ಕೊಂಡು ಓದಿ, ಒಪ್ಪಿಗೆ ಇಲ್ಲದಿದ್ರೆ ಜಗಳ ಆಡಿ.

ಯಾಕೆ ಬರೀತಾ ಇದ್ದೀನಿ ಅಂದ್ರೆ, 'ಶಾಂತಿ ಸಭೆ' ಅಂತ ಒಂದು ನಡೆಯುತ್ತಲ್ಲ, ಅದು ನಿಮಗೆಲ್ಲ ಗೊತ್ತು. ಯಾವುದೋ ಊರಲ್ಲಿ ನಮ್ಮ ಹುಡುಗರನ್ನ ಗುಡಿಗೆ ಬಿಟ್ಟಿರಲ್ಲ, ಇಲ್ಲಾ ಹೋಟೆಲಿನಲ್ಲಿ ಲೋಟ ಬೇರೆ ಇಟ್ಟಿರ್ತಾರೆ, ಇಲ್ಲಾ ಸ್ಮಶಾನದ ಜಾಗ ಒತ್ತುವರಿ ಆಗಿರುತ್ತೆ. ಕೇಳಿದ್ರೆ ಗಲಾಟೆ. ಗಲಾಟೆ ಆದಮೇಲೆ ಸಭೆ. ಅಲ್ಲಿ ಕೂತ ದೊಡ್ಡವರೆಲ್ಲ ನಮ್ಮ ಕಡೆಗೇ ತಿರುಗಿ ಹೇಳ್ತಾರೆ: 'ನೀವು ಅಂಬೇಡ್ಕರ್ ಅನುಯಾಯಿಗಳು, ಬುದ್ಧನ ದಾರಿಯವರು, ಶಾಂತಿಯಿಂದ ಹೋಗ್ಬೇಕಪ್ಪಾ, ಹೊಂದ್ಕೊಂಡು ಹೋಗ್ಬೇಕು.' ಬಾಗಿಲು ಹಾಕಿದವರಿಗೆ ಈ ಬುದ್ಧಿಮಾತು ಇಲ್ಲ. ಬಾಗಿಲು ತಟ್ಟಿದವರಿಗೆ ಮಾತ್ರ. ನಾನು ಕೂತ ಎಷ್ಟೋ ಸಭೆಗಳಲ್ಲಿ ಇದೇ ಮಾತು ಕೇಳಿದ್ದೀನಿ. ಸುಮ್ಮನಿರೋದಕ್ಕೆ ಅಹಿಂಸೆ ಅಂತ ಹೆಸರಿಟ್ಟು ನಮ್ಮ ಕೈಗೆ ಕೊಡ್ತಾ ಇದ್ದಾರೆ.

ಕೃಷ್ಣಪ್ಪನವರ ಅಹಿಂಸೆ ಇದಾಗಿರಲಿಲ್ಲ.

ಹೊಸ ಹುಡುಗರಿಗೋಸ್ಕರ ಮೊದಲು ಅವರ ಬದುಕು ಹೇಳ್ಬಿಡ್ತೀನಿ. 1938ರಲ್ಲಿ ಹರಿಹರದ ಬಡ ಮಾದಿಗ ಕುಟುಂಬದಲ್ಲಿ ಹುಟ್ಟಿದರು. ಓದಿ, ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾದರು. ಕಾಲೇಜು ಕೆಲಸ ಸಿಕ್ಕಿತು, ಇನ್ನು ಸೈಟು ಮನೆ ನೋಡ್ಕೊಂಡು ಇದ್ದುಬಿಡಬಹುದಿತ್ತು. ಅಷ್ಟರಲ್ಲಿ 1973ರ ನವೆಂಬರ್‌ನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದ್ರು. ಅದಕ್ಕೆ ರಾಜ್ಯವೇ ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು. ಒಬ್ಬ ದಲಿತ ಮಂತ್ರಿಯ ಒಂದು ಮಾತಿಗೆ ಇಷ್ಟಾದರೆ ಕೇರಿಯ ಕೂಲಿಯವನ ಗತಿ ಏನು ಅನ್ನೋ ಪ್ರಶ್ನೆ ಎದ್ದದ್ದು ಆಗ. ಆ ಪ್ರಶ್ನೆಯ ಬೆನ್ನಿಗೆ ದಲಿತ ಸಂಘರ್ಷ ಸಮಿತಿ ಕಟ್ಟಿಕೊಂಡಿತು. ಇವತ್ತಿಗೂ ನಮ್ಮ ಲೆಟರ್‌ಹೆಡ್‌ಗಳ ಮೇಲೆ 'ನೋಂ. 47/74-75, ಪ್ರೊ. ಬಿ. ಕೃಷ್ಣಪ್ಪ ಸ್ಥಾಪಿತ' ಅಂತ ಇರೋದು ಅದಕ್ಕೇ. 1997ರ ಏಪ್ರಿಲ್ 30ರಂದು ತೀರಿಕೊಂಡರು. ಆಗಿನ್ನೂ ಅವರಿಗೆ ಅರವತ್ತು ತುಂಬಿರಲಿಲ್ಲ.

ಈಗ ನಮ್ಮ ಊರಿನ ಕಡೆಗೆ ಬರ್ತೀನಿ. ನಮ್ಮ ತೊಣ್ಣೂರಿಗೆ ಎರಡು ವಿಷಯಕ್ಕೆ ಹೆಸರು: ಒಂದು ಕೆರೆ, ಇನ್ನೊಂದು ರಾಮಾನುಜಾಚಾರ್ಯರು. ಕೆರೆ ಕಟ್ಟಿಸಿದ್ದು ಅವರೇ ಅಂತ ಪ್ರತೀತಿ. ಭಾನುವಾರ ಬಂದ್ರೆ ಮೈಸೂರು ಬೆಂಗಳೂರಿನ ಕಾರುಗಳು ಸಾಲುಗಟ್ಟಿರ್ತವೆ. ಬಂದವರಿಗೆ ಹೇಳೋ ಕತೆ ಒಂದೇ: ರಾಮಾನುಜರು ಇಲ್ಲಿಂದ ಮೇಲುಕೋಟೆಗೆ ಹೋದರು, ಅಸ್ಪೃಶ್ಯರನ್ನ 'ತಿರುಕುಲದವರು' ಅಂತ ಕರೆದರು, ಚೆಲುವನಾರಾಯಣನ ಗುಡಿಗೆ ಬಿಟ್ಟರು. ನಿಜ, ಆ ಕಾಲಕ್ಕೆ ಅದು ದೊಡ್ಡದೇ. ನಾನು ಅದನ್ನ ಸಣ್ಣದು ಮಾಡಲ್ಲ. ಆದರೆ ಕತೆಯ ಕೊನೆ ಸಾಲನ್ನ ಯಾರೂ ಜೋರಾಗಿ ಹೇಳಲ್ಲ. ಸಂಪ್ರದಾಯದಂತೆ ನಮ್ಮವರಿಗೆ ಸಿಕ್ಕಿದ್ದು ವರ್ಷಕ್ಕೆ ಮೂರು ದಿನ. ಉತ್ಸವಮೂರ್ತಿಯನ್ನ ತರೋದಕ್ಕೆ ನೆರವಾದವರಿಗೆ ಮೂರು ದಿನ. ಉಳಿದ ದಿನ ಹೊರಗೆ.

ಕರುಣೆಯಿಂದ ಸಿಕ್ಕಿದ್ದಕ್ಕೆ ಯಾವತ್ತೂ ದಿನದ ಲೆಕ್ಕ ಇರುತ್ತೆ. ಕೊಟ್ಟ ಕೈಯೇ ಎಣಿಸುತ್ತೆ. ಹಕ್ಕು ಅಂತ ಪಡೆದದ್ದನ್ನ ಹಾಗೆ ಎಣಿಸೋಕೆ ಬರಲ್ಲ. ಬಾಬಾಸಾಹೇಬರು ನಮಗೆ ತೋರಿಸಿದ್ದು ಈ ಎರಡನೇ ದಾರಿ.

ಕೆರೆ ಊರಿನವನಾಗಿ ಮಹಾಡ್ ಬಗ್ಗೆ ಓದುವಾಗ ನನಗೆ ಮೈ ಜುಮ್ಮನ್ನುತ್ತೆ. ಅಲ್ಲಿದ್ದದ್ದೂ ಒಂದು ಕೆರೆ. ದಲಿತರಿಗೆ ಸಾರ್ವಜನಿಕ ನೀರು ಮುಕ್ತ ಅಂತ ಬೊಂಬಾಯಿ ವಿಧಾನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. ಚವದಾರ್ ಕೆರೆ ಎಲ್ಲರದ್ದು ಅಂತ ಮಹಾಡ್ ಪುರಸಭೆಯೂ ಒಪ್ಪಿತ್ತು. ಆದರೂ ಒಬ್ಬ ದಲಿತನೂ ಅಲ್ಲಿ ಒಂದು ಬೊಗಸೆ ನೀರು ಎತ್ತೋ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಸಾಲಾಗಿ ನಡೆದುಹೋಗಿ ನೀರು ಕುಡಿದರು. ಅಷ್ಟೇ ಮಾಡಿದ್ದು, ನೀರು ಕುಡಿದದ್ದು. ಗುಡಿಗೂ ನುಗ್ಗುತ್ತಾರಂತೆ ಅಂತ ಸುದ್ದಿ ಹಬ್ಬಿಸಿ, ವಾಪಸ್ ಹೋಗ್ತಿದ್ದ ಜನರಿಗೆ, ಹೆಂಗಸರು ಮಕ್ಕಳು ಅನ್ನದೆ ಹೊಡೆದರು. ನಮ್ಮವರಲ್ಲಿ ಪಟಾಲಮ್ಮಿನಿಂದ ನಿವೃತ್ತರಾದವರು ಎಷ್ಟೋ ಜನ ಇದ್ದರು. ತಿರುಗಿಬಿದ್ದಿದ್ದರೆ ಆ ಊರು ಉಳೀತಿರಲಿಲ್ಲ. ಬಾಬಾಸಾಹೇಬರು ತಡೆದರು.

ಯಾಕೆ ತಡೆದರು? ಹೆದರಿಕೆಯಿಂದಲ್ಲ. ಸಂಜೆ ಮಹಾಡ್‌ನಲ್ಲಿ ತಿರುಗಿ ಹೊಡೆದು ಹೋಗಬಹುದಿತ್ತು. ಆದರೆ ಮಾರನೇ ದಿನ ಸುತ್ತಲಿನ ಹಳ್ಳಿಗಳಲ್ಲಿ ಒಂದೋ ಎರಡೋ ಮನೆ ಇರೋ ದಲಿತರ ಗತಿ ಏನಾಗಬೇಕಿತ್ತು? ಪೆಟ್ಟು ಬೀಳೋದು ಅಲ್ಲಿ. ಅಷ್ಟಾದ್ರೂ ಅವರು ಸುಮ್ಮನಾಗಲಿಲ್ಲ. ಆ ಕಡೆಯವರು 108 ಕೊಡ ಪಂಚಗವ್ಯ ಸುರಿದು ಕೆರೆ ಶುದ್ಧ ಮಾಡಿಸಿದರು. ಇವರು ಡಿಸೆಂಬರ್ 25ಕ್ಕೆ ಮತ್ತೆ ಅದೇ ಊರಿಗೆ ಬಂದು ಮನುಸ್ಮೃತಿ ಸುಟ್ಟರು. ಕೆರೆ ವಿಷಯ ಕೋರ್ಟಿಗೆ ಹೋಯಿತು. 1937ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟು ದಲಿತರ ಪರ ತೀರ್ಪು ಕೊಡೋವರೆಗೂ ಬಿಡಲಿಲ್ಲ. ಹತ್ತು ವರ್ಷ! ಒಂದು ಬೊಗಸೆ ನೀರಿಗೆ ಹತ್ತು ವರ್ಷ ಬೆನ್ನು ಬಿಡದೆ ನಿಂತದ್ದಕ್ಕೆ ಅಹಿಂಸೆ ಅನ್ನಿ, ನಾನು ಒಪ್ತೀನಿ.

ಕೃಷ್ಣಪ್ಪ ಈ ಪಾಠವನ್ನ ಕರ್ನಾಟಕದ ಕೇರಿಗಳಿಗೆ ತಂದರು. ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮುಂತಾದವರ ಜೊತೆ ಕಟ್ಟಿದ ಆ ಸಂಘಟನೆಯ ಕೈಯಲ್ಲಿ ಇದ್ದದ್ದು ತಮಟೆ, ಹಾಡು, ಕರಪತ್ರ, ಅರ್ಜಿ, ಕಾಲ್ನಡಿಗೆ ಜಾಥಾ, ಅಧ್ಯಯನ ಶಿಬಿರ. ಭೂಮಿ ಕೇಳಿದರು. ಹೆಂಡದಂಗಡಿ ಬೇಡ, ನಮ್ಮ ಮಕ್ಕಳಿಗೆ ವಸತಿ ಶಾಲೆ ಕೊಡಿ ಅಂತ ಕೇಳಿದರು. ದೌರ್ಜನ್ಯ ಆದ ಊರಿಗೆ ಹೋಗಿ ಅಲ್ಲೇ ಕೂತರು.

ಇದರಲ್ಲಿ ನನಗೆ ತುಂಬಾ ದೊಡ್ಡದು ಅನ್ನಿಸೋದು ಚಂದ್ರಗುತ್ತಿ. ಸೊರಬ ತಾಲ್ಲೂಕಿನ ಚಂದ್ರಗುತ್ತಿ ರೇಣುಕಾಂಬೆಯ ಜಾತ್ರೆಯಲ್ಲಿ ಬೆತ್ತಲೆ ಸೇವೆ ನಡೀತಿತ್ತು. ವರದಾ ನದಿಯಲ್ಲಿ ಮಿಂದು ಮೈಮೇಲೆ ಬಟ್ಟೆ ಇಲ್ಲದೆ ಗುಡಿ ತನಕ ಹೋಗೋ ಹರಕೆ. ಹೆಚ್ಚಿನವರು ನಮ್ಮವರೇ, ಹಿಂದುಳಿದ ಜಾತಿಗಳ ಬಡವರೇ. 1986ರ ಮಾರ್ಚ್‌ನಲ್ಲಿ ದಸಂಸ ಕಾರ್ಯಕರ್ತರು ಹೋಗಿ ಬೇಡ್ರಮ್ಮಾ, ಇದು ನಮ್ಮ ಮಾನ ಕಳೆಯೋ ಪದ್ಧತಿ ಅಂತ ತಿಳಿಹೇಳೋಕೆ ನಿಂತರು. ಜನ ರೊಚ್ಚಿಗೆದ್ದರು. ಕಾರ್ಯಕರ್ತರಿಗೂ ಹೊಡೆದರು, ಪೊಲೀಸರಿಗೂ ಹೊಡೆದರು, ಮಹಿಳಾ ಪೊಲೀಸರು ಅಂತಲೂ ನೋಡದೆ ಬಟ್ಟೆ ಕಿತ್ತು ಮೆರವಣಿಗೆ ಮಾಡಿದರು. ದೇಶಕ್ಕೆಲ್ಲ ಸುದ್ದಿಯಾಯಿತು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನ ನಿಷೇಧಿಸಿತು.

ಯೋಚನೆ ಮಾಡಿ ನೋಡಿ. ಯಾರ ಮಾನಕ್ಕಾಗಿ ಹೋದರೋ ಆ ಜನರ ನಡುವೆಯೇ ಏಟು ತಿಂದದ್ದು. ಮೇಲ್ಜಾತಿಯವನು ಹೊಡೆದರೆ ಸಿಟ್ಟು ತಡೆಯೋದು ಒಂದು ಕಷ್ಟ. ನಮ್ಮ ಅಕ್ಕ ತಂಗಿಯರು, ಅಣ್ಣ ತಮ್ಮಂದಿರೇ ತಿರುಗಿ ನಿಂತಾಗ ಅವರನ್ನ ದ್ವೇಷ ಮಾಡದೆ ಮತ್ತೆ ಅವರ ಹತ್ತಿರಾನೇ ಹೋಗೋದು ಇನ್ನೂ ದೊಡ್ಡ ಕಷ್ಟ. ಕೇರಿ ಕೆಲಸ ಮಾಡೋರಿಗೆ ನಾನು ಹೇಳೋದು ಅರ್ಥ ಆಗುತ್ತೆ.

ಈಗ ಇವತ್ತಿನ ಮಾತು. 2024ರ ನವೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಹನಕೆರೆಯಲ್ಲಿ ದಲಿತರು ಪೊಲೀಸ್ ರಕ್ಷಣೆಯಲ್ಲಿ ಕಾಲಭೈರವೇಶ್ವರ ಗುಡಿ ಒಳಗೆ ಹೋದರು. ವಿರೋಧ ಮಾಡಿದವರು ಏನು ಮಾಡಿದರು? ಗುಡಿ ನೀವೇ ಇಟ್ಕೊಳ್ಳಿ, ದೇವರು ನಮ್ಮದು ಅನ್ನೋ ಹಾಗೆ ಉತ್ಸವಮೂರ್ತಿಯನ್ನೇ ಹೊರಗೆ ತಗೊಂಡು ಹೋದರು. ಮಹಾಡ್‌ನಲ್ಲಿ ಕೆರೆ ತೊಳೆದವರಿಗೂ ಇವರಿಗೂ ನಡುವೆ ಸುಮಾರು ನೂರು ವರ್ಷ ಕಳೆದಿದೆ. ಆದರೆ ಆ ದಿನ ಗೆದ್ದದ್ದು ನಮ್ಮವರೇ ಅಂತ ನಾನು ಎದೆ ತಟ್ಟಿ ಹೇಳ್ತೀನಿ. ಸಂವಿಧಾನ ಕೊಟ್ಟ ಹಕ್ಕನ್ನ ನಡೆದು ತೋರಿಸಿದರು. ಯಾರು ಎಂಥವರು ಅನ್ನೋದು ಆ ದಿನ ಊರಿಗೇ ಕಂಡಿತು.

ಇದಕ್ಕೆ ಉಲ್ಟಾ ಆಗೋದನ್ನೂ ನೋಡ್ತಾ ಇದ್ದೀವಿ. ಸಂಘಟನೆ ಇಲ್ಲದ ಊರಲ್ಲಿ ಒಬ್ಬ ಹುಡುಗನಿಗೆ ಅವಮಾನ ಆಗುತ್ತೆ. ಅವನಿಗೆ ಸಿಟ್ಟು ಬರುತ್ತೆ. ಬರಲೇಬೇಕು, ಸಿಟ್ಟು ಬರದವನು ಸತ್ತ ಹಾಗೆ. ಆದರೆ ಆ ಸಿಟ್ಟಿಗೆ ದಾರಿ ತೋರಿಸೋ ಅಣ್ಣಂದಿರು ಯಾರೂ ಇರಲ್ಲ. ಒಂದು ಕಲ್ಲು ತೂರ್ತಾನೆ, ಇಲ್ಲಾ ಒಂದು ವಿಡಿಯೊ ಹಾಕ್ತಾನೆ. ಅಷ್ಟೇ ಸಾಕು. ನಾವು ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಟ್ಟರೆ ಆ ಕಡೆಯಿಂದ ಕೌಂಟರ್ ಕೇಸ್ ರೆಡಿ. ಆಮೇಲೆ ರಾಜಿ ಪಂಚಾಯ್ತಿ. 'ನೀನೂ ತಗೊ, ಅವರೂ ತಗೋತಾರೆ.' ಕೂಲಿ ಬಿಟ್ಟು ಕೋರ್ಟಿಗೆ ಅಲೆಯೋಕೆ ಆಗದೆ ಅವರಪ್ಪ ರಾಜಿ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾನೆ. ಮೊದಲು ಆದ ಅವಮಾನ ಹಾಗೇ ಮುಚ್ಚಿಹೋಗುತ್ತೆ. ಕಲ್ಲು ತೂರಿದ್ದು ಪಾಪ ಅಂತ ನಾನು ಹೇಳ್ತಿಲ್ಲ. ಆ ಕಲ್ಲು ನಮ್ಮ ಕೇಸಿನ ಮೇಲೇ ಬೀಳುತ್ತೆ ಅಂತ ಹೇಳ್ತಿದ್ದೀನಿ.

ಅಹಿಂಸೆ ನಮಗೆ ಸಂನ್ಯಾಸಿಗಳ ವ್ರತ ಅಲ್ಲ. ಊರಲ್ಲಿ ಮನೆ ಕಮ್ಮಿ ಇರೋರ, ಗೇಣು ಭೂಮಿ ಇಲ್ಲದೋರ ಆಯುಧ ಅದು. ಒಬ್ಬನ ಕೈಯಲ್ಲಿ ಆ ಆಯುಧ ನಿಲ್ಲಲ್ಲ. ಹತ್ತು ಜನ ಒಟ್ಟಿಗೆ ಹಿಡಿಯಬೇಕು. ಸಂಘಟನೆ ಇಲ್ಲದ ಕಡೆ ಅಹಿಂಸೆ ಅಂದ್ರೆ ಬರೀ ಏಟು ತಿನ್ನೋದು. ಇದನ್ನ ಕೃಷ್ಣಪ್ಪ ಅರ್ಥ ಮಾಡ್ಕೊಂಡಿದ್ರು. ಅದಕ್ಕೇ ಮೊದಲು ಸಂಘಟನೆ ಕಟ್ಟಿದರು.

ಇನ್ನೊಂದು ವಿಷಯ, ಭೂಮಿ. ದೇವರಾಜ ಅರಸು ಕಾಲದಲ್ಲಿ, 1978ರಲ್ಲಿ, ಪಿಟಿಸಿಎಲ್ ಕಾಯ್ದೆ ಬಂತು. ನಮಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಯಾರೂ ಬರೆಸಿಕೊಳ್ಳೋ ಹಾಗಿಲ್ಲ, ಬರೆಸಿಕೊಂಡಿದ್ದರೂ ಅದು ಅಸಿಂಧು, ವಾಪಸ್ ಕೊಡಿಸಬೇಕು ಅನ್ನೋ ಕಾಯ್ದೆ. 2017ರಲ್ಲಿ ಸುಪ್ರೀಂ ಕೋರ್ಟು ತಡವಾಗಿ ಬಂದ ಅರ್ಜಿ ನಿಲ್ಲಲ್ಲ ಅಂದಮೇಲೆ ಎಷ್ಟೋ ಕುಟುಂಬಗಳು ಕೈಚೆಲ್ಲಿ ಕೂತವು. ಆಗ ನಮ್ಮ ಜನ ಏನು ಮಾಡಿದರು? ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ಮಳೆ ಬಿಸಿಲು ಅನ್ನಲಿಲ್ಲ. 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಟಿವಿಯವರು ಇದನ್ನ ತೋರಿಸಲಿಲ್ಲ. ಯಾಕಂದ್ರೆ ಅಲ್ಲಿ ಬಸ್ಸಿಗೆ ಬೆಂಕಿ ಬೀಳಲಿಲ್ಲ. ಆದರೆ ಕಾನೂನು ಬದಲಾಯಿತು. ಕೃಷ್ಣಪ್ಪನವರ ಪರಂಪರೆ ಅಂದ್ರೆ ನನಗೆ ಆ ಧರಣಿ.

ಆದರೆ ತಿದ್ದುಪಡಿ ತಾನಾಗೇ ನಡ್ಕೊಂಡು ನಮ್ಮ ಕೇರಿಗೆ ಬರಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕಿಗೆ ಉಪವಿಭಾಗಾಧಿಕಾರಿ ಕೂರೋದು ಪಾಂಡವಪುರದಲ್ಲಿ. ಅರ್ಜಿ ಕೊಡಬೇಕಾದದ್ದು ಅಲ್ಲಿ. ನಿಮ್ಮ ತಾತನಿಗೆ ಮಂಜೂರಾದ ಜಮೀನಿನ ಸಾಗುವಳಿ ಚೀಟಿ ಎಲ್ಲಿದೆ ಅಂತ ಎಷ್ಟು ಜನ ಮನೇಲಿ ಕೇಳಿದ್ದೀರಿ? ಟ್ರಂಕಿನ ತಳದಲ್ಲಿ ಮಡಚಿಟ್ಟ ಆ ಕಾಗದ ಸಾವಿರ ಘೋಷಣೆಗೆ ಸಮ.

ಕೊನೆಗೆ ನಮ್ಮೊಳಗಿನ ಮಾತು. ತೊಂಬತ್ತರ ದಶಕದಿಂದ ಸಮಿತಿ ಒಡೆದು ಎಷ್ಟು ಬಣ ಆಯಿತು ಅಂತ ಎಣಿಸೋಕೆ ಹೋಗಲ್ಲ. ಎಲ್ಲರ ಬ್ಯಾನರಿನಲ್ಲೂ 'ಕೃಷ್ಣಪ್ಪ ಸ್ಥಾಪಿತ'. ಸ್ಥಾಪಿಸಿದವರು ಒಬ್ಬರೇ, ಸಂಚಾಲಕರು ಮಾತ್ರ ಬೇಕಾದಷ್ಟು! 2022ರ ಡಿಸೆಂಬರ್ 6ರಂದು ಬೆಂಗಳೂರಿನ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಬಣಗಳೆಲ್ಲ ಒಂದೇ ವೇದಿಕೆಗೆ ಬಂದಾಗ ಎಷ್ಟೋ ಹಿರಿಯರು ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಆ ಒಗ್ಗಟ್ಟು ಬೆಂಗಳೂರಿನ ಮೈದಾನದಲ್ಲೇ ಉಳಿದರೆ ಪ್ರಯೋಜನ ಇಲ್ಲ, ಹೋಬಳಿಗೆ ಬರಬೇಕು. ಒಳಮೀಸಲಾತಿ ವಿಷಯದಲ್ಲಿ ಎಡಗೈ ಬಲಗೈ ಅಂತ ಫೇಸ್‌ಬುಕ್‌ನಲ್ಲಿ ಒಬ್ಬರನ್ನೊಬ್ಬರು ಹೀಯಾಳಿಸೋರಿಗೂ ಒಂದು ಮಾತು. ಪಾಲು ಕೇಳೋದು ನ್ಯಾಯ, ಪಾಲು ಕೊಡೋದು ಧರ್ಮ. ಬೈಗುಳ ಎರಡೂ ಅಲ್ಲ. ಮಾದಿಗರ ಮನೆಯಲ್ಲಿ ಹುಟ್ಟಿದ ಕೃಷ್ಣಪ್ಪನವರನ್ನ ಹೊಲೆಯರ ಕೇರಿಗಳೂ ತಮ್ಮ ನಾಯಕ ಅಂತ ಹೊತ್ತು ಮೆರೆಸಿದ್ದವು ಅನ್ನೋದು ನೆನಪಿರಲಿ.

ಹಾಗಾಗಿ ಈ ಜೂನ್ 9ಕ್ಕೆ ನನ್ನ ಕೋರಿಕೆ ಮೂರೇ. ಒಂದು, ನಿಮ್ಮ ಕೇರಿಯಲ್ಲಿ ತಿಂಗಳಿಗೊಂದು ಸಂಜೆ ಕೂತು ಕಾನೂನು ಓದಿ. ದೌರ್ಜನ್ಯ ತಡೆ ಕಾಯ್ದೆ, ಪಿಟಿಸಿಎಲ್, ಇವೆರಡರಿಂದ ಶುರು ಮಾಡಿ. ಎರಡು, ಊರಲ್ಲಿ ಏನೇ ಆದರೂ ಮೊದಲು ಬರೆದಿಡಿ: ದಿನ, ಹೊತ್ತು, ಯಾರಿದ್ದರು, ಏನು ಮಾತಾಡಿದರು. ಒಬ್ಬನೇ ಠಾಣೆಗೆ ಹೋಗಬೇಡಿ, ಹತ್ತು ಜನ ಹೋಗಿ. ಹೆಣ್ಣುಮಕ್ಕಳನ್ನ ಮುಂದಿಟ್ಕೊಂಡು ಹೋಗಿ, ಅವರಷ್ಟು ಗಟ್ಟಿಯಾಗಿ ನಿಲ್ಲೋರು ನಮ್ಮಲ್ಲಿ ಇಲ್ಲ. ಮೂರು, ಮುಂದಿನ ಶಾಂತಿ ಸಭೆಯಲ್ಲಿ ಯಾರಾದರೂ ಹೊಂದ್ಕೊಂಡು ಹೋಗಿ ಅಂದ್ರೆ ತಲೆ ತಗ್ಗಿಸಬೇಡಿ, ದನಿಯನ್ನೂ ಏರಿಸಬೇಡಿ. ಮೆತ್ತಗೆ ಕೇಳಿ: 'ಸ್ವಾಮಿ, ಶಾಂತಿ ಕೆಡಿಸಿದ್ದು ಬಾಗಿಲು ಹಾಕಿದವರೋ, ಬಾಗಿಲು ತಟ್ಟಿದವರೋ? ಅದನ್ನ ಮೊದಲು ನಡಾವಳಿಯಲ್ಲಿ ಬರೀರಿ.'

ಬರೆಯೋವರೆಗೂ ಎದ್ದು ಬರಬೇಡಿ.

ಜೈಭೀಮ್.