ಪದವಿ ತರಗತಿಗಳಲ್ಲಿ ಬ್ಲಾಕ್‌ಚೈನ್ ಬೋಧನೆ ಕೋರಿ ಮನವಿ ಪತ್ರ

ಇಂದ,
ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಪದವಿ ವಿದ್ಯಾರ್ಥಿಗಳು ಹಾಗೂ ಪೋಷಕರು

ಗೆ,
ಮಾನ್ಯ ಕುಲಪತಿಗಳು,
ದಾವಣಗೆರೆ ವಿಶ್ವವಿದ್ಯಾನಿಲಯ,
ಶಿವಗಂಗೋತ್ರಿ, ದಾವಣಗೆರೆ

ವಿಷಯ: ನಮ್ಮ ತಾಲ್ಲೂಕುಗಳ ಕಾಲೇಜುಗಳಲ್ಲಿ ಬ್ಲಾಕ್‌ಚೈನ್ ಮತ್ತು ಕ್ರಿಪ್ಟೊ ಕರೆನ್ಸಿ ಕುರಿತ ಐಚ್ಛಿಕ ಪತ್ರಿಕೆಯನ್ನು ಕನ್ನಡದಲ್ಲೂ ಬೋಧಿಸುವ ಬಗ್ಗೆ.

ಮಾನ್ಯರೇ,

ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ಕರೆನ್ಸಿ ವ್ಯವಹಾರಕ್ಕೆ ಬ್ಯಾಂಕ್ ಸೇವೆ ಕೊಡಕೂಡದೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಜುಲೈನಿಂದ ಶೇ 1 ಟಿಡಿಎಸ್ ಬಂತು. ತೆರಿಗೆ ಕಟ್ಟಿಸಿಕೊಂಡ ಮೇಲೆ ಸರ್ಕಾರ ಒಪ್ಪಿದಂತೆಯೇ ಎಂದು ನಂಬಿಸುವವರಿದ್ದಾರೆ. ಆದರೆ ಕ್ರಿಪ್ಟೊ ಕಾನೂನು ಒಪ್ಪಿದ ಹಣವಲ್ಲ, ಒಂದು ಕಾಯಿನ್‌ನಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಬರುವುದಿಲ್ಲ. ಬಿ.ಕಾಂ. ವಿದ್ಯಾರ್ಥಿ ಇದನ್ನು ತರಗತಿಯಲ್ಲಿ ತಿಳಿಯಬೇಕೋ, ದುಡ್ಡು ಕಳೆದುಕೊಂಡ ಮೇಲೋ?

ನಾವು ಟ್ರೇಡಿಂಗ್ ತರಬೇತಿ ಕೇಳುತ್ತಿಲ್ಲ. ಅದು ಬೇಡವೇ ಬೇಡ. ಬ್ಲಾಕ್‌ಚೈನ್‌ನಲ್ಲಿ ಲೆಕ್ಕದ ಒಂದು ಪುಟದ ಗುರುತು ಮುಂದಿನ ಪುಟದಲ್ಲಿ ಹೇಗೆ ಸೇರಿಕೊಳ್ಳುತ್ತದೆ, ನಡುವೆ ಒಂದು ಅಂಕಿ ತಿದ್ದಿದರೂ ಹೇಗೆ ಸಿಕ್ಕಿಬೀಳುತ್ತದೆ ಎಂಬುದನ್ನು ಕಲಿಸಿ. ಪೈಥಾನ್‌ನ ಕೆಲವೇ ಸಾಲುಗಳಲ್ಲಿ, ಕಾಲೇಜಿನ ಹಳೆಯ ಕಂಪ್ಯೂಟರಿನಲ್ಲೇ ಇದನ್ನು ಮಾಡಿ ತೋರಿಸಬಹುದು. ಹಾಗಾಗಿ ಲ್ಯಾಬ್ ಇಲ್ಲವೆಂಬ ಉತ್ತರ ನಮಗೆ ಸಮಾಧಾನ ತರುವುದಿಲ್ಲ.

ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆದರೂ ಕೈಮಗ್ಗದ ಸೀರೆ ಯಾವುದು, ವಿದ್ಯುತ್ ಮಗ್ಗದ್ದು ಯಾವುದು ಎಂದು ಕೊಳ್ಳುವವರಿಗೆ ಅಂಗಡಿಯಲ್ಲಿ ಗೊತ್ತಾಗುವುದು ಕಷ್ಟ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕಾಫಿ ಮಂಡಳಿ 2019ರಲ್ಲೇ ಬೆಳೆಗಾರರಿಗಾಗಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆ ಆ್ಯಪ್ ಪ್ರಯೋಗಿಸಿತು. ಅದೇ ಬಗೆಯಲ್ಲಿ ನೂಲಿನಿಂದ ಮಳಿಗೆಯವರೆಗೆ ಸೀರೆಯ ಜಾಡನ್ನು ಬ್ಲಾಕ್‌ಚೈನ್‌ನಲ್ಲಿ ದಾಖಲಿಸುವುದು ನಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಲಿ. ಆದರೆ ಮೊದಲ ನಮೂದೇ ಸುಳ್ಳಾದರೆ ಬ್ಲಾಕ್‌ಚೈನ್ ಆ ಸುಳ್ಳನ್ನೇ ಭದ್ರವಾಗಿ ಕಾಯುತ್ತದೆ. ಮಗ್ಗದ ಮುಂದೆ ನಿಂತು ಪರಿಶೀಲಿಸುವ ಮನುಷ್ಯ ಬೇಕೇ ಬೇಕು. ಈ ಮಿತಿಯನ್ನು ನೇಕಾರರ ಮನೆಯ ಮಕ್ಕಳಿಗಿಂತ ಚೆನ್ನಾಗಿ ಯಾರು ಅರಿಯಬಲ್ಲರು?

ಆದ್ದರಿಂದ ಬಿ.ಕಾಂ. ಮತ್ತು ಬಿಸಿಎ ಎರಡಕ್ಕೂ ಈ ಪತ್ರಿಕೆ ಸಿಗಬೇಕು. ತೆರಿಗೆ, ವಂಚನೆಯ ಬಗೆಗಳು, ರಿಸರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿ ಪಠ್ಯದಲ್ಲಿರಬೇಕು. ಕನ್ನಡದಲ್ಲಿ ಪಠ್ಯಪುಸ್ತಕ ಸಿದ್ಧವಾಗಬೇಕು, ಉತ್ತರವನ್ನೂ ಕನ್ನಡದಲ್ಲಿ ಬರೆಯಲು ಅವಕಾಶವಿರಬೇಕು. ಅಧ್ಯಾಪಕರ ತರಬೇತಿಗೆ ದೂರ ಹೋಗಬೇಕಿಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ, ಅಲ್ಲಿ ಶಿಕ್ಷಕರಿಗೆ ತರಬೇತಿ ನೀಡುವ ಕೇಂದ್ರವೂ ಇದೆ. ವಿಶ್ವವಿದ್ಯಾನಿಲಯವೇ ಅವರೊಂದಿಗೆ ಮಾತುಕತೆ ನಡೆಸಬೇಕು. ಹೆಚ್ಚುವರಿ ಶುಲ್ಕ ಮಾತ್ರ ಬೇಡ.

ಮುಂದಿನ ಶೈಕ್ಷಣಿಕ ವರ್ಷಕ್ಕೆ ಮುನ್ನ ಈ ಮನವಿಯನ್ನು ವಾಣಿಜ್ಯ ಮತ್ತು ಗಣಕ ವಿಜ್ಞಾನ ಅಧ್ಯಯನ ಮಂಡಳಿಗಳ ಮುಂದಿಟ್ಟು, ತೀರ್ಮಾನ ಏನೇ ಆಗಲಿ, ನಮಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ವಿದ್ಯಾರ್ಥಿಗಳು ಮತ್ತು ಪೋಷಕರು

ಸ್ಥಳ: ಚಳ್ಳಕೆರೆ