ಒಂದು ಪ್ಲೇಟು ಒಗ್ಗರಣೆಯ ಲೆಕ್ಕ

ಮಕ್ಕಳೇ, ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಆದರೂ ಈ ಬೇಸಿಗೆ ರಜೆಯಲ್ಲಿ ನನ್ನ ಮೊಮ್ಮಗ ಹಾಕಿಸಿದಂಥ ಲೆಕ್ಕವನ್ನು ಯಾವತ್ತೂ ಹಾಕಿರಲಿಲ್ಲ.

ಅವನು ಬೆಂಗಳೂರಿನಿಂದ ಸಿರಿಗೇರಿಗೆ ಬಂದಿದ್ದ. ಒಂದು ದಿನ ನಾನು, ಅವನು, ಅವನ ಅಜ್ಜಿ ಮೂವರೂ ಬಸ್ಸು ಹತ್ತಿ ಬಳ್ಳಾರಿಗೆ ಹೋದೆವು. ನನ್ನ ಕನ್ನಡಕ ಬದಲಿಸುವುದಿತ್ತು. ಆ ಕೆಲಸ ಮುಗಿದ ಮೇಲೆ, "ಬಾರೋ, ನಾನು ನೌಕರಿಯಲ್ಲಿದ್ದಾಗ ದಿನಾ ಹೋಗುತ್ತಿದ್ದ ಹೋಟೆಲಿನ ಒಗ್ಗರಣೆ ಮಿರ್ಚಿ ತಿನ್ನಿಸ್ತೀನಿ" ಅಂತ ಗಾಂಧಿನಗರದ ಕಡೆ ಕರೆದುಕೊಂಡು ಹೊರಟೆ.

ನಮ್ಮ ಸೀಮೆಯ ಮಕ್ಕಳಿಗೆ ಒಗ್ಗರಣೆ ಎಂದರೆ ಏನೆಂದು ಹೇಳಬೇಕಾಗಿಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಯಲ್ಲಿ ಕಲಸಿ, ಮೇಲೆ ಪುಟಾಣಿ ಪುಡಿ ಉದುರಿಸಿ, ನಿಂಬೆಹುಳಿ ಹಿಂಡಿದರೆ ಒಗ್ಗರಣೆ. ಪಕ್ಕದಲ್ಲಿ ಬಿಸಿ ಮಿರ್ಚಿ ಬಜ್ಜಿ ಇರಲೇಬೇಕು.

ಆ ಬೀದಿಯಲ್ಲಿ ಎರಡು ಸಲ ಓಡಾಡಿದೆ. ಹೋಟೆಲ್ ಕಾಣಲಿಲ್ಲ. ಹೊಸ ಕನ್ನಡಕದ ಮೇಲೇ ಅನುಮಾನ ಬಂತು. ಎದುರಿನ ಬೇವಿನ ಮರ ನೋಡಿದ ಮೇಲೆ ಜಾಗ ಇದೇ ಅಂತ ಖಾತ್ರಿಯಾಯಿತು. ಹೋಟೆಲ್ ಇದ್ದಲ್ಲಿ ಈಗ ಗಾಜಿನ ಬಾಗಿಲಿನ ಕೆಫೆ. ಪಕ್ಕದ ಸೈಕಲ್ ಶಾಪು ಮೊಬೈಲ್ ಅಂಗಡಿಯಾಗಿತ್ತು. ಹಿಟ್ಟಿನ ಗಿರಣಿ ಬ್ಯೂಟಿ ಪಾರ್ಲರ್ ಆಗಿತ್ತು. ಕಿರಾಣಿ ಅಂಗಡಿಯಲ್ಲಿ ಕೇಕು ಮಾರುತ್ತಿದ್ದರು.

ಬಿಸಿಲು ಸುಡುತ್ತಿತ್ತು. ಬೇರೆ ದಾರಿ ಕಾಣದೆ ಆ ಕೆಫೆಯೊಳಗೇ ಹೋಗಿ ಕೂತೆವು. ಒಂದು ಕಾಫಿಗೆ 150 ರೂಪಾಯಿ.

"ತಾತ, ನಿಮ್ಮ ಹೋಟೆಲ್ ಯಾಕೆ ಮುಚ್ಚಿದ್ರು? ತಿಂಡಿ ಚೆನ್ನಾಗಿರಲಿಲ್ವಾ?"

ನನಗೆ ಚುರುಕ್ಕೆಂದಿತು. ಟೇಬಲ್ಲಿನ ಮೇಲಿದ್ದ ಕಾಗದದ ಕರವಸ್ತ್ರ ತೆಗೆದುಕೊಂಡು ಪೆನ್ನು ಹಿಡಿದೆ. ನೀವೂ ಪೆನ್ನು ತೆಗೆದುಕೊಳ್ಳಿ. ಅಂಕಿಗಳು ನಾನು ಊಹಿಸಿಕೊಂಡವು, ಲೆಕ್ಕದ ದಾರಿ ಮಾತ್ರ ನಿಜ.

ಒಗ್ಗರಣೆ ಮಿರ್ಚಿ ಪ್ಲೇಟಿಗೆ 40 ರೂಪಾಯಿ ಅಂದುಕೊಳ್ಳೋಣ. ಮಂಡಕ್ಕಿ, ಎಣ್ಣೆ, ಕಡಲೆಹಿಟ್ಟು, ಗ್ಯಾಸು, ಕೆಲಸದವರ ಸಂಬಳ ಎಲ್ಲ ಕಳೆದು 5 ರೂಪಾಯಿ ಉಳಿಯುತ್ತದೆ. ಬಾಡಿಗೆ ತಿಂಗಳಿಗೆ 10,000 ಇದ್ದರೆ, ಬಾಡಿಗೆ ಕಟ್ಟುವುದಕ್ಕೇ 2,000 ಪ್ಲೇಟು ಮಾರಬೇಕು. ದಿನಕ್ಕೆ 67. ಅದೇನೂ ಕಷ್ಟವಲ್ಲ.

ಬೀದಿಗೆ ಬೆಲೆ ಬಂತು, ಬಾಡಿಗೆ 60,000 ಆಯಿತು ಎನ್ನಿ. ಆಗ 12,000 ಪ್ಲೇಟು ಬೇಕು. ದಿನಕ್ಕೆ 400! ಮನೆಯವರೆಲ್ಲ ಹಗಲೂ ರಾತ್ರಿ ಮಿರ್ಚಿ ಕರಿದರೂ ಆಗದ ಮಾತು. ಅದೇ ಕೆಫೆಯವನಿಗೆ ಒಂದು ಕಾಫಿಗೆ ಎಲ್ಲ ಖರ್ಚು ಕಳೆದು 60 ರೂಪಾಯಿ ಉಳಿದರೆ, ದಿನಕ್ಕೆ 34 ಕಾಫಿ ಮಾರಿದರೆ ಸಾಕು.

"ಅಂದ್ರೆ ಒಗ್ಗರಣೆ ಸೋತಿಲ್ಲ ತಾತ, ಬಾಡಿಗೆ ಗೆದ್ದಿದೆ" ಅಂದ ಹುಡುಗ. ಬಿ.ಕಾಂ. ಓದಿದ ನನಗೂ ಇಷ್ಟು ಚುಟುಕಾಗಿ ಹೇಳಲು ಬರುತ್ತಿರಲಿಲ್ಲ.

ಇದು ಬಳ್ಳಾರಿಯ ಕಥೆ ಮಾತ್ರ ಅಲ್ಲ. ಹುಡುಗ ಬೆಂಗಳೂರಿನವನಾದ್ದರಿಂದ ಅವನಿಗೆ ಇಂಡಿಯಾ ಕಾಫಿ ಹೌಸಿನ ಕಥೆ ಹೇಳಿದೆ. ಮೊದಲು ಕಾಫಿ ಮಂಡಳಿ ಈ ಕಾಫಿ ಹೌಸ್‌ಗಳನ್ನು ನಡೆಸುತ್ತಿತ್ತು. 1950ರ ದಶಕದಲ್ಲಿ ಅವನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡ ನೌಕರರು, ಎ.ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಬೆಂಗಳೂರಿನ ಸಂಘ ಶುರುವಾದದ್ದು 1957ರಲ್ಲಿ. ತಿಂಡಿ ಬಡಿಸುವವರೇ ಮಾಲೀಕರು! ನಾನು ಬ್ಯಾಂಕಿನ ಸಂದರ್ಶನಕ್ಕೆ ಹೋದಾಗ ಎಂ.ಜಿ. ರಸ್ತೆಯ ಕಾಫಿ ಹೌಸಿನಲ್ಲಿ ಪೇಟ ಸುತ್ತಿಕೊಂಡವರೊಬ್ಬರು ನನಗೆ ಕಾಫಿ ತಂದುಕೊಟ್ಟಿದ್ದರು. ಆ ಕಟ್ಟಡ ಸಂಘದ ಸ್ವಂತದ್ದಲ್ಲ. 2009ರ ಏಪ್ರಿಲ್‌ನಲ್ಲಿ ಅದನ್ನು ಬಿಡಬೇಕಾಯಿತು. ಆದರೆ ಸಂಘ ಚದುರಲಿಲ್ಲ. ಹತ್ತಿರದ ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ಕಾಫಿ ಹೌಸ್ ತೆರೆದರು.

"ಆಗಿನ ಕಾಲವೇ ಚೆನ್ನಾಗಿತ್ತು" ಅಂತ ನಾನು ನಿಟ್ಟುಸಿರು ಬಿಟ್ಟೆ.

ಅಷ್ಟು ಹೊತ್ತು ಸುಮ್ಮನಿದ್ದ ನನ್ನಾಕೆ ಬಾಯಿ ತೆಗೆದಳು. "ಅಲ್ರೀ, ಇಷ್ಟು ವರ್ಷ ಆ ಹೋಟೆಲಿನ ಗುಣಗಾನ ಮಾಡ್ತಾ ಬಂದ್ರಿ. ನನ್ನ ಒಂದು ದಿನಾನಾದ್ರೂ ಅಲ್ಲಿ ಕೂಡಿಸಿದ್ರಾ? ಪೇಪರಿನಾಗೆ ಕಟ್ಟಿಸಿಕೊಂಡು ತರ್ತಿದ್ರಿ, ಮನಿಗೆ ಬರೋದ್ರೊಳಗೆ ಮಿರ್ಚಿ ಮೆತ್ತಗಾಗಿರ್ತಿತ್ತು. ಅಲ್ಲಿ ನೋಡ್ರಿ."

ಪಕ್ಕದ ಟೇಬಲ್ಲಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ಪುಸ್ತಕ ಹರಡಿಕೊಂಡು ಆರಾಮವಾಗಿ ಓದುತ್ತಿದ್ದರು. ನಮ್ಮ ಹಳೇ ಹೋಟೆಲಿನಲ್ಲಿ ಹಾಗೆ ಕೂತ ಒಬ್ಬ ಹುಡುಗಿಯನ್ನೂ ನಾನು ನೋಡಿದ ನೆನಪಿಲ್ಲ. ಅಲ್ಲಿ ಬರೀ ಗಂಡಸರು, ಬೀಡಿ ಹೊಗೆ. ನನ್ನ ಲೆಕ್ಕದಲ್ಲಿ ಈ ಕಾಲಂ ಬಿಟ್ಟೇಹೋಗಿತ್ತು. ಬದಲಾವಣೆಯ ಖಾತೆಯಲ್ಲಿ ಖರ್ಚೂ ಇದೆ, ಜಮೆಯೂ ಇದೆ. ಎರಡನ್ನೂ ಬರೆಯದಿದ್ದರೆ ಅದು ಲೆಕ್ಕವಲ್ಲ, ಬರೀ ಗೊಣಗಾಟ.

ದುಡ್ಡು ಕೊಡುವಾಗ ಕೆಫೆಯ ಹುಡುಗನನ್ನು ಕೇಳಿದೆ. "ಹಳೇ ಹೋಟೆಲಿನವ್ರಾ ಸಾರ್? ಅವ್ರ ಮಗ ಎರಡು ರಸ್ತೆ ಆಚೆ ಸಂಜೆ ಬಂಡಿ ಹಚ್ಚತಾರ. ನಾನೂ ಡ್ಯೂಟಿ ಮುಗಿಸಿ ಅಲ್ಲೇ ತಿನ್ನೋದು" ಅಂದ.

ಸಂಜೆತನಕ ಕಾದು ಹೋದೆವು. ತಂದೆಯ ಮುಖವೇ ಮಗನಿಗೆ. ನನ್ನ ಗುರುತು ಹಿಡಿದು, "ಬ್ಯಾಂಕಿನ ಸಾರ್ ಅಲ್ಲೇನ್ರಿ?" ಅಂದ. ತಂದೆ ತೀರಿಕೊಂಡು ಎರಡು ವರ್ಷವಾಯಿತಂತೆ. ಬಾಣಲೆ ಮಾತ್ರ ಅದೇ. ನನ್ನಾಕೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಬಾಣಲೆಯಿಂದ ಆಗತಾನೇ ತೆಗೆದ ಮಿರ್ಚಿ ಕಚ್ಚಿದಳು. ಏನೂ ಹೇಳಲಿಲ್ಲ. ಇನ್ನೊಂದು ಕೇಳಿದಳು.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ಅಜ್ಜ ಅಜ್ಜಿಯನ್ನು ಕರೆದುಕೊಂಡು ನಿಮ್ಮ ಬೀದಿಯಲ್ಲಿ ಒಂದು ಸುತ್ತು ಬನ್ನಿ. ಪ್ರತಿ ಅಂಗಡಿಯ ಮುಂದೆಯೂ ನಿಂತು, "ಇಲ್ಲಿ ಮೊದಲು ಏನಿತ್ತು? ಅದನ್ನು ನಡೆಸುತ್ತಿದ್ದವರು ಈಗ ಎಲ್ಲಿದ್ದಾರೆ?" ಎಂದು ಕೇಳಿ ಬರೆದುಕೊಳ್ಳಿ. ಎರಡನೆಯ ಪ್ರಶ್ನೆ ಮರೆಯಬೇಡಿ.

ಅಜ್ಜಂದಿರೇ, ನೀವು ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಹೋಗುವುದನ್ನು ಮರೆಯಬೇಡಿ.